ಹತ್ಯಾರ ಪೆಟ್ಟಿಗೆ: ಕಿಸೆಗೆ ಯಾವ ಚಾಕು ಒಳ್ಳೇದು?

ಹೋದ ಸಂಚಿಕೆಯಲ್ಲಿ ಸಾಣೆಕಲ್ಲಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಕಿಸೆ ಚಾಕುವಿನ ಪ್ರಶ್ನೆಗಳೇ. ಭೋಸರಿಯ ಟೂಲ್ ರೂಮಿನಲ್ಲಿ ಪ್ರೆಸ್ ಡೈ, ಅಂದರೆ ತಗಡು ಒತ್ತುವ ಉಕ್ಕಿನ ಅಚ್ಚು, ಮಾಡುತ್ತಾ ಕೂದಲು ಬೆಳ್ಳಗಾದವನಿಗೆ ಉಕ್ಕಿನ ವಿಷಯ ಕೇಳಿದರೆ ಬಾಯಿ ಮುಚ್ಚುವುದು ಕಷ್ಟ. ಸಂಪಾದಕರು ಈ ಸಲ ಇಡೀ ಪುಟ ಬಿಟ್ಟುಕೊಟ್ಟಿದ್ದಾರೆ.

ಕಾಕಾ, ನಾನು ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ದಿನಾ ಕಿಸೆಯಲ್ಲಿ ಇಟ್ಟುಕೊಳ್ಳಲು ಒಂದು ಒಳ್ಳೆಯ ಮಡಚುವ ಚಾಕು ಬೇಕು. ಐದು ಸಾವಿರದೊಳಗೆ. ಡಿ2, 14ಸಿ28ಎನ್, ವಿಜಿ10, ಎಂ390 ಅಂತ ಓದಿ ಓದಿ ತಲೆ ಕೆಟ್ಟಿದೆ. ಯಾವ ಉಕ್ಕಿನದು ತಗೊಳ್ಳಲಿ?
— ಚಿಂಚವಡದ ಓದುಗ

ಉಕ್ಕಿನ ಹೆಸರು ಆಮೇಲೆ ನೋಡೋಣ. ನಿಮ್ಮ ಚಾಕುವಿಗೆ ದಿನಕ್ಕೆ ಏನು ಕೆಲಸ ಇದೆ ಅಂತ ಮೊದಲು ಲೆಕ್ಕ ಹಾಕಿ. ಕೊರಿಯರ್ ಡಬ್ಬದ ಟೇಪು. ಹಿಟ್ಟಿನ ಪ್ಯಾಕೆಟ್ಟು. ಮಧ್ಯಾಹ್ನ ಡಬ್ಬಿಯ ಜೊತೆ ಒಂದು ಪೇರಲ ಹಣ್ಣು. ಕಾಲರಿನಿಂದ ಎದ್ದ ದಾರ. ಸಿಂಹಗಡ ಹತ್ತಿದ ಭಾನುವಾರ ಒಂದು ಸೌತೆಕಾಯಿ. ಹುಲಿ ಚರ್ಮ ಸುಲಿಯುವುದೇನೂ ಇಲ್ಲ ಅಲ್ವಾ? ಇಷ್ಟು ಕೆಲಸಕ್ಕೆ ಎಂ390 ಕೊಂಡರೆ ದುಡ್ಡು ದಂಡ.

ಕತ್ತರಿಸುವ ಕೆಲಸದಲ್ಲಿ ಅಲಗು ಎಷ್ಟು ತೆಳುವಾಗಿದೆ ಅನ್ನೋದೇ ದೊಡ್ಡ ಮಾತು. ಬೆನ್ನು ಮೂರೂವರೆ ಮಿಲಿಮೀಟರ್ ದಪ್ಪ ಇರುವ, ನೋಡಲು ಗಟ್ಟಿಮುಟ್ಟಾದ ಒಂದು ಚಾಕುವಿನಿಂದ ಸೇಬು ಕತ್ತರಿಸಿ. ಅರ್ಧ ಇಳಿಯುವಷ್ಟರಲ್ಲಿ ಹಣ್ಣು ಚಟ್ ಅಂತ ತಾನೇ ಸೀಳಿಕೊಳ್ಳುತ್ತದೆ. ಕಟ್ಟಿಗೆಗೆ ಬೆಣೆ ಹೊಡೆದ ಹಾಗೆ. ಎರಡು ಮಿಲಿಮೀಟರ್ ಆಸುಪಾಸಿನ ಅಲಗು ಅದೇ ಸೇಬಿನಲ್ಲಿ ಸದ್ದಿಲ್ಲದೆ ಇಳಿದು ತಟ್ಟೆ ಮುಟ್ಟುತ್ತದೆ. ಹೋಳಿನ ಮೈ ಕನ್ನಡಿ ಥರ ನುಣ್ಣಗಿರುತ್ತದೆ. ಉಕ್ಕು ಎಂಥದ್ದೇ ಇರಲಿ, ದಪ್ಪ ಅಲಗು ಈ ಕೆಲಸ ಮಾಡಲ್ಲ.

ಈಗ ಉಕ್ಕು. ನೀವು ಬರೆದ ಡಿ2 ನನಗೆ ಹಳೆಯ ಪರಿಚಯ. ನಮ್ಮ ಟೂಲ್ ರೂಮಿನಲ್ಲಿ ಅದಕ್ಕೆ ಎಚ್‌ಸಿಎಚ್‌ಸಿಆರ್ ಅನ್ನುತ್ತಿದ್ದೆವು, ಅಂದರೆ ಹೈ ಕಾರ್ಬನ್ ಹೈ ಕ್ರೋಮಿಯಂ. ಸುಮಾರು ಒಂದೂವರೆ ಪರ್ಸೆಂಟ್ ಕಾರ್ಬನ್, 12 ಪರ್ಸೆಂಟ್ ಕ್ರೋಮಿಯಂ. ಪ್ರೆಸ್ ಡೈಗೆ ಅದರಂಥ ಉಕ್ಕಿಲ್ಲ, ಅಂಚು ಸವೆಯುವುದೇ ಇಲ್ಲ ಅನ್ನಿಸುತ್ತದೆ. ಆದರೆ ಅದರ ಕ್ರೋಮಿಯಂನಲ್ಲಿ ಬಹಳಷ್ಟು ಕಾರ್ಬನ್ ಜೊತೆ ಸೇರಿ ಕಾರ್ಬೈಡ್ ಅನ್ನುವ ಗಟ್ಟಿ ಕಣ ಆಗಿಬಿಡುತ್ತದೆ. ತುಕ್ಕು ತಡೆಯಲು ಉಳಿಯುವುದು ಕಡಿಮೆ. ಪುಣೆಯ ಜುಲೈ ಮಳೆಯಲ್ಲಿ ಒದ್ದೆ ಜೀನ್ಸಿನ ಕಿಸೆಯಲ್ಲಿ ಇಟ್ಟು ಮರೆತರೆ ಕಂದು ಚುಕ್ಕೆ ಬಿದ್ದೇ ಬೀಳುತ್ತದೆ. ಮೊಂಡಾದ ಮೇಲಂತೂ ಸಾದಾ ಕಲ್ಲಿನಲ್ಲಿ ತಿಕ್ಕಿ ತಿಕ್ಕಿ ಕೈ ಸೋಲುತ್ತದೆ. ವಜ್ರದ ಪುಡಿ ಹಚ್ಚಿದ ಪ್ಲೇಟು ಬೇಕು. ನಿಮ್ಮ ಪಟ್ಟಿಯಲ್ಲಿರುವ 14ಸಿ28ಎನ್ ಇದಕ್ಕಿಂತ ನಮ್ಮ ಹವೆಗೆ ಒಗ್ಗುವ ಉಕ್ಕು. ತುಕ್ಕು ಕಡಿಮೆ, ಸಾಣೆ ಸುಲಭ.

ಇನ್ನೊಂದು ಮಾತು. ಒಂದೇ ಉಕ್ಕಿಗೆ ಒಬ್ಬ ಸರಿಯಾಗಿ ಕಾಯಿಸಿ ತಣಿಸಿ ಹದ ಕೊಟ್ಟಿರುತ್ತಾನೆ, ಇನ್ನೊಬ್ಬ ಫರ್ನೇಸಿನ ಕರೆಂಟು ಉಳಿಸಿರುತ್ತಾನೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಗಡಸುತನ ಅಳೆಯುವ ರಾಕ್‌ವೆಲ್ ಮಷಿನ್ನಿನಲ್ಲಿಟ್ಟು ವಜ್ರದ ಮೊನೆಯನ್ನು 150 ಕಿಲೋ ಭಾರದಲ್ಲಿ ಒತ್ತಿದಾಗಲೇ ಬಣ್ಣ ಬಯಲಾಗುವುದು. ಅಂಗಡಿಯಲ್ಲಿ ಆ ಮಷಿನ್ ಇರಲ್ಲ. ಅದಕ್ಕೇ ಅಲಗಿನ ಮೇಲೆ ಕೊರೆದ ಉಕ್ಕಿನ ಹೆಸರಿಗಿಂತ, ಹದ ಕೊಡುವುದರಲ್ಲಿ ಹೆಸರು ಉಳಿಸಿಕೊಂಡ ಕಂಪನಿ ನೋಡಿ ಅನ್ನುವುದು.

ನಿಮ್ಮ ಬಜೆಟ್ಟಿಗೆ ನಾನು ಸ್ವಿಸ್ ಕಂಪನಿ ವಿಕ್ಟೊರಿನಾಕ್ಸ್‌ನ ಕಡೆಟ್ ಹೇಳುತ್ತೇನೆ. ಮಡಚಿದಾಗ 84 ಮಿಲಿಮೀಟರ್, ಎರಡೂ ಬದಿ ಗರಸು ಅಲ್ಯೂಮಿನಿಯಂ ತಗಡು, ತೂಕ 50 ಗ್ರಾಮಿಗೂ ಕಡಿಮೆ. ಶರ್ಟಿನ ಕಿಸೆಯಲ್ಲಿದ್ದರೂ ಕಿಸೆ ಜೋತು ಬೀಳಲ್ಲ. ಒಂದು ಅಲಗು, ಒಂದು ಉಗುರಿನ ಅರ, ಡಬ್ಬಿ ತೆರೆಯೋದು, ಬಾಟಲಿ ತೆರೆಯೋದು. ಆ ಎರಡರ ತುದಿಯೇ ಸ್ಕ್ರೂಡ್ರೈವರ್. ಕತ್ತರಿ ಬೇಕೇ ಬೇಕು ಅಂದರೆ 91 ಮಿಲಿಮೀಟರಿನ ಕ್ಲೈಂಬರ್ ನೋಡಿ. ನನಗೆ ಅದು ಕಿಸೆಯಲ್ಲಿ ಸ್ವಲ್ಪ ದಪ್ಪ ಅನ್ನಿಸುತ್ತದೆ.

ಈ ಕಂಪನಿಯ ಅಲಗು 56 ರಾಕ್‌ವೆಲ್ ಆಸುಪಾಸು. ಚಾಕುವಿನ ಹುಚ್ಚು ಹತ್ತಿದವರು 'ಮೆತ್ತಗಿದೆ' ಅಂತ ಮೂಗು ಮುರಿಯುತ್ತಾರೆ. ಇರಲಿ ಬಿಡಿ. ಮೆತ್ತಗಿನ ಅಂಚು ಗಟ್ಟಿ ವಸ್ತುವಿಗೆ ತಾಗಿದರೆ ಮಡಚಿಕೊಳ್ಳುತ್ತದೆ, ಚಕ್ಕೆ ಏಳಲ್ಲ. ಕಲ್ಲಿಲ್ಲದಿದ್ದರೆ ಪಿಂಗಾಣಿ ಕಪ್ಪಿನ ತಳದಲ್ಲಿ ಗ್ಲೇಜ್ ಇಲ್ಲದ ಒರಟು ಉಂಗುರ ಇರುತ್ತದಲ್ಲ, ಅದಕ್ಕೆ ನಾಲ್ಕು ಸಲ ಸವರಿದರೆ ಮತ್ತೆ ಕೆಲಸಕ್ಕೆ ತಯಾರು.

ಸ್ಪ್ರಿಂಗಿನ ವಿಷಯ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಈ ಕಂಪನಿ ಕಟ್ಟಿದ ಕಾರ್ಲ್ ಎಲ್ಸೆನರ್ 1884ರಲ್ಲಿ ಸ್ವಿಟ್ಜರ್ಲೆಂಡಿನ ಇಬಾಕ್‌ನಲ್ಲಿ ವರ್ಕ್‌ಶಾಪ್ ಶುರು ಮಾಡಿದರು. 1897ರ ಜೂನ್ 12ರಂದು ಸೈನ್ಯದ ಅಧಿಕಾರಿಗಳಿಗಾಗಿ ಮಾಡಿದ ಆಫೀಸರ್ ಚಾಕುವನ್ನು ನೋಂದಾಯಿಸಿದರು. ಅದರ ಜಾಣತನ ಎಲ್ಲ ಬೆನ್ನಿನಲ್ಲಿದೆ. ಒಂದೇ ಸ್ಪ್ರಿಂಗು ಹೊಟ್ಟೆ ಕಡೆ ಅಲಗನ್ನೂ ಬೆನ್ನ ಕಡೆ ಇನ್ನೊಂದು ಉಪಕರಣವನ್ನೂ ಹಿಡಿಯುತ್ತದೆ. ಹೀಗೆ ಎರಡೇ ಸ್ಪ್ರಿಂಗಿನಲ್ಲಿ ಆರು ಉಪಕರಣ. ಪ್ರತಿಯೊಂದಕ್ಕೂ ಬೇರೆ ಸ್ಪ್ರಿಂಗು ಹಾಕಿದ್ದರೆ ಅದನ್ನು ಕಿಸೆಯಲ್ಲಿ ಹೊರುವವರು ಯಾರು? ಡೈ ಡಿಸೈನ್ ಮಾಡಿದವರಿಗೆ ಇಂಥದ್ದು ನೋಡಿದರೆ ಹೊಟ್ಟೆ ತುಂಬುತ್ತದೆ.

ಅಂಗಡಿಯಲ್ಲಿ ಕೈಗೆ ಕೊಟ್ಟಾಗ ಸುಮ್ನೆ ತೆರೆದು ಮುಚ್ಚಿ ವಾಪಸ್ ಕೊಡಬೇಡಿ. ಬೆನ್ನನ್ನು ಬೆಳಕಿಗೆ ಹಿಡಿದು ಸ್ಪ್ರಿಂಗಿಗೂ ತಗಡಿಗೂ ನಡುವೆ ಸಂದು ಕಾಣುತ್ತದಾ ನೋಡಿ. ಅಲಗು ತೆರೆದು ತುದಿಯ ಹತ್ತಿರ ಎರಡು ಬೆರಳಿನಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಪ್ಲೇ ಇದ್ದರೆ ಬೇರೆಯದು ಕೇಳಿ. ಮುಚ್ಚಿದಾಗ ಅಲಗು ನಡುವೆ ಕೂರಬೇಕು, ತಗಡಿಗೆ ಉಜ್ಜಬಾರದು. ಕೊನೆಗೆ ಅಂಚನ್ನು ಟ್ಯೂಬ್‌ಲೈಟಿನ ಕೆಳಗೆ ನೇರ ಕಣ್ಣಿಗೆ ಹಿಡಿಯಿರಿ. ಹರಿತವಾದ ಅಂಚು ಕಾಣುವುದೇ ಇಲ್ಲ. ಎಲ್ಲಾದರೂ ಬಿಳಿ ಚುಕ್ಕೆ ಮಿನುಗಿದರೆ ಅಲ್ಲಿ ಮೊಂಡಾಗಿದೆ ಅಂತ ಅರ್ಥ.

ಸರ್, ನಾನು ಘಾಟ್ಕೋಪರ್‌ನಿಂದ ಅಂಧೇರಿಗೆ ಮೆಟ್ರೋದಲ್ಲಿ ಓಡಾಡುವವನು. ಕಿಸೆಯಲ್ಲಿ ಚಾಕು ಇದ್ದರೆ ಪೊಲೀಸರು ಹಿಡಿಯುತ್ತಾರಾ? ಲಾಕ್ ಇರುವ ಚಾಕು ಒಳ್ಳೆಯದೋ, ಇಲ್ಲದ್ದೋ?
— ಘಾಟ್ಕೋಪರ್

ಮೆಟ್ರೋ ಬ್ಯಾಗನ್ನು ಮಷಿನ್ನಿನೊಳಗೆ ಕಳಿಸುತ್ತದೆ. ಅಲ್ಲಿ ಚಾಕು ಕಂಡರೆ ಬದಿಗೆ ಕರೆಯುತ್ತಾರೆ. ನಿಮ್ಮ ಹಿಂದೆ ಸಾಲು ಬೆಳೆಯುತ್ತಿರುವಾಗ ಉಕ್ಕಿನ ಬಗ್ಗೆ ಭಾಷಣ ಕೊಡಲು ಆಗಲ್ಲ. ದಿನಾ ಮೆಟ್ರೋ ಹತ್ತುವವರು ಚಾಕುವನ್ನು ಆಫೀಸಿನ ಡ್ರಾಯರಿನಲ್ಲಿ ಒಂದು, ಮನೆಯಲ್ಲಿ ಒಂದು ಅಂತ ಇಟ್ಟುಕೊಳ್ಳುವುದೇ ವಾಸಿ. ವಿಮಾನಕ್ಕೆ ಹೋಗುವಾಗ ಕೀ ಚೈನಿನಲ್ಲಿ ಮರೆತ 58 ಮಿಲಿಮೀಟರಿನ ಪುಟಾಣಿಯೂ ಚೆಕ್-ಇನ್ ಬ್ಯಾಗಿಗೇ ಹೋಗಬೇಕು. ಸೆಕ್ಯೂರಿಟಿಯಲ್ಲಿ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ.

ಕಾನೂನು ಸ್ವಲ್ಪ ಬಿಡಿಸಿ ಹೇಳಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೆ 2016ರಲ್ಲಿ ಬಂದ ನಿಯಮಗಳಲ್ಲಿ ಆಯುಧ ಅನ್ನಿಸಿಕೊಳ್ಳುವ ಚಾಕುವಿಗೆ ಒಂದು ಅಳತೆ ಇದೆ: ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ. ಮನೆ, ಹೊಲ, ಕಾರ್ಖಾನೆ ಕೆಲಸಕ್ಕೆ ಅಂತಲೇ ಮಾಡಿದವನ್ನು ಅದರಿಂದ ಬಿಟ್ಟಿದ್ದಾರೆ. ಕಿಸೆ ಚಾಕು ಈ ಅಳತೆಯ ಹತ್ತಿರಕ್ಕೂ ಬರಲ್ಲ. ಇಷ್ಟು ಓದಿ ಬಹಳ ಜನ ನಿಶ್ಚಿಂತರಾಗುತ್ತಾರೆ. ಆದರೆ ನಮ್ಮ ರಾಜ್ಯದಲ್ಲಿ 1951ರ ಮಹಾರಾಷ್ಟ್ರ ಪೊಲೀಸ್ ಕಾಯ್ದೆ ಅಂತ ಇನ್ನೊಂದಿದೆ. ಅದರ 37ನೇ ಕಲಮಿನ ಪ್ರಕಾರ ಕಮಿಷನರು ನಿಷೇಧಾಜ್ಞೆ ಹೊರಡಿಸಿದಾಗ ಕತ್ತಿ, ಈಟಿ, ಲಾಠಿ ಜೊತೆಗೆ ಚಾಕು ಒಯ್ಯುವುದನ್ನೂ ತಡೆಯಬಹುದು. ಚಾಕು ಅಂತ ಹೆಸರು ಹಿಡಿದೇ ಬರೆದಿದ್ದಾರೆ. ಉದ್ದದ ಮಾತೇ ಇಲ್ಲ. ಮುಂಬೈಯಲ್ಲಿ ಇಂಥ ಆಜ್ಞೆಗಳು ಆಗಾಗ ಬರುತ್ತವೆ. ಗಣಪತಿ ವಿಸರ್ಜನೆಯ ಗರ್ದಿ, ಮೋರ್ಚಾ, ಮತಗಟ್ಟೆ, ಕ್ರಿಕೆಟ್ ಮೈದಾನ, ಇಲ್ಲೆಲ್ಲ ಖಾಲಿ ಕಿಸೆಯಲ್ಲೇ ಹೋಗಿ. ಸಂಜೆಯ ವಿರಾರ್ ಲೋಕಲ್‌ನಲ್ಲಿ ನಿಂತುಕೊಂಡು ಮೋಸಂಬಿ ಸುಲಿಯುವ ಉಮೇದು ಬೇಡ.

ಲಾಕ್, ಅಂದರೆ ತೆರೆದ ಅಲಗು ತಾನೇ ಮುಚ್ಚದಂತೆ ಹಿಡಿಯುವ ಕೊಂಡಿಯ ವಿಷಯಕ್ಕೆ ಬಂದರೆ, ಊರಿನಲ್ಲಿ ಓಡಾಡುವವರಿಗೆ ಲಾಕ್ ಇಲ್ಲದ, ಎರಡು ಕೈಯಲ್ಲಿ ತೆರೆಯುವ ಸ್ಲಿಪ್ ಜಾಯಿಂಟ್ ಸಾಕು. ಉಗುರು ಸಿಕ್ಕಿಸಿ ಮೆಲ್ಲಗೆ ತೆರೆದರೆ ಪಕ್ಕದ ಟೇಬಲ್ಲಿನವರು ತಲೆ ಎತ್ತಿ ನೋಡುವುದಿಲ್ಲ. ಒಂದೇ ಕೈಯಲ್ಲಿ ಕಟ್ ಅಂತ ಬಿಚ್ಚುವ ಕಪ್ಪು ಚಾಕು ತೆಗೆಯಿರಿ, ಕೇಕ್ ಕತ್ತರಿಸಲು ಬಂದವರೂ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ರಾಂಪುರಿ ಥರ ಬಟನ್ ಒತ್ತಿದರೆ ಚಿಮ್ಮುವ ಚಾಕುವಂತೂ ಬೇಡವೇ ಬೇಡ. ಅದು ಕಿಸೆಯಲ್ಲಿ ಸಿಕ್ಕರೆ ಪೇರಲ ಹಣ್ಣಿಗೆ ಅಂತ ಹೇಳಿದರೆ ಯಾರು ನಂಬುತ್ತಾರೆ? ಚಾರಣದಲ್ಲಿ ಕಟ್ಟಿಗೆ ಕೆತ್ತುವವರಿಗೆ ಮಾತ್ರ ಲಾಕ್ ಬೇಕು. ಮೊನೆಯಿಂದ ಚುಚ್ಚುವಾಗ ಲಾಕ್ ಇಲ್ಲದ ಅಲಗು ಬೆರಳ ಮೇಲೇ ಮುಚ್ಚಿಕೊಳ್ಳುತ್ತದೆ.

ನಮ್ಮದು ಮಾಟುಂಗದಲ್ಲಿ ಸಣ್ಣ ಹೋಟೆಲು. ಸೈಕಲ್ ಮೇಲೆ ಚಕ್ರ ಕಟ್ಟಿಕೊಂಡು ಬರುವ ಸಾಣೆಯವನಿಗೆ ಅಡಿಗೆಮನೆ ಚಾಕುಗಳನ್ನು ಕೊಡುತ್ತೇವೆ. ನನ್ನ ಒಪಿನೆಲ್ ಅನ್ನುವ ಫ್ರೆಂಚ್ ಮಡಚುವ ಚಾಕುವನ್ನೂ ಅವನಿಗೇ ಕೊಡಬಹುದಾ?
— ಮಾಟುಂಗ

ಅಡಿಗೆಮನೆಯ ಚಾಕು, ಈಳಿಗೆ ಮಣೆ ಕೊಡಿ. ಅವನ ಹೊಟ್ಟೆಪಾಡೂ ನಡೆಯಲಿ. ಒಪಿನೆಲ್ ಮಾತ್ರ ಕೊಡಬೇಡಿ ರಾಯರೇ.

ಕಾರಣ ಕಿಡಿ. ಒಣ ಚಕ್ರಕ್ಕೆ ಹಿಡಿದಾಗ ಕಿಡಿ ಹಾರುವುದು ನೋಡಲು ಚೆಂದ. ಆದರೆ ಕೂದಲಿನಷ್ಟು ತೆಳು ಅಂಚಿಗೆ ಬಿಸಿ ಹೋಗಲು ಜಾಗವೇ ಇಲ್ಲ. ಕಾರ್ಬನ್ ಉಕ್ಕು 230 ಡಿಗ್ರಿ ಆಸುಪಾಸಿನಲ್ಲಿ ಹುಲ್ಲಿನ ಹಳದಿ ಬಣ್ಣಕ್ಕೆ ತಿರುಗುತ್ತದೆ, 300ರ ಹತ್ತಿರ ನೀಲಿ. ಅಂಚಿನಲ್ಲಿ ನೀಲಿ ಗೆರೆ ಕಂಡಿತೋ, ಆ ಭಾಗದ ಹದ ಹೋಯಿತು. ಎಷ್ಟೇ ಹರಿತ ಮಾಡಿ, ಎರಡು ಟೊಮೆಟೊಗೆ ಮೊಂಡು. ಆ ನೀಲಿ ಭಾಗವನ್ನೆಲ್ಲ ಸವೆಸಿ ತೆಗೆದ ಮೇಲೇ ಮತ್ತೆ ಗಟ್ಟಿ ಉಕ್ಕು ಸಿಗುವುದು. ಒಪಿನೆಲ್ ಅಲಗು ಮೊದಲೇ ತೆಳು. ಅಷ್ಟು ಕಳೆದುಕೊಂಡರೆ ಉಳಿಯುವುದೇನು?

ಮನೆಯಲ್ಲೇ ಮಾಡಿಕೊಳ್ಳಿ. ನಾಗದೇವಿ ಸ್ಟ್ರೀಟಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕಲ್ಲಿಗೆ ಬರವಿಲ್ಲ. 1000 ಗ್ರಿಟ್ಟಿನದು ಒಂದು ಸಾಕು; ಗ್ರಿಟ್ಟು ಅಂದರೆ ಕಲ್ಲಿನ ಕಣ ಎಷ್ಟು ನಯ ಅನ್ನುವ ಲೆಕ್ಕ. ಕೋನಕ್ಕೆ ಒಂದು ಉಪಾಯ. ಕಾಗದದ ಚೌಕ ಮೂಲೆಯನ್ನು ಒಮ್ಮೆ ಮಡಚಿದರೆ 45 ಡಿಗ್ರಿ, ಮತ್ತೊಮ್ಮೆ ಮಡಚಿದರೆ ಇಪ್ಪತ್ತೆರಡೂವರೆ. ಅದನ್ನು ಕಲ್ಲಿನ ಪಕ್ಕ ನಿಲ್ಲಿಸಿಕೊಂಡು ಅದಕ್ಕಿಂತ ಒಂಚೂರು ತಗ್ಗಿಸಿ ಹಿಡಿಯಿರಿ. ಒಂದು ಬದಿ ತಿಕ್ಕುತ್ತಾ ಹೋದರೆ ಇನ್ನೊಂದು ಬದಿಯ ಅಂಚಿನಲ್ಲಿ ಗರಸು ಎಳೆ ಏಳುತ್ತದೆ. ಟೂಲ್ ರೂಮಿನವರು ಅದಕ್ಕೆ ಬರ್ರು ಅನ್ನುತ್ತಾರೆ. ಬೆನ್ನಿನ ಕಡೆಯಿಂದ ಅಂಚಿನಾಚೆಗೆ ಹೆಬ್ಬೆರಳು ಸವರಿದರೆ ಬೆರಳಿಗೆ ತಡೆಯುತ್ತದೆ. ಅಂಚಿನ ಉದ್ದಕ್ಕೆ ಮಾತ್ರ ಬೆರಳು ಎಳೆಯಬೇಡಿ. ಬರ್ರು ಬುಡದಿಂದ ಮೊನೆಯವರೆಗೆ ಏಳುವ ತನಕ ಬದಿ ಬದಲಿಸಬಾರದು. ಜನ ತಾಳ್ಮೆ ಕಳೆದುಕೊಳ್ಳುವುದು ಇಲ್ಲೇ. ಆಮೇಲೆ ಇನ್ನೊಂದು ಬದಿ, ಕೊನೆಗೆ ಹಳೇ ಚರ್ಮದ ಬೆಲ್ಟಿನ ಒಳಮೈಗೆ ಹಿಂದಕ್ಕೆ ಎಳೆದು ಆ ಎಳೆಯನ್ನು ಉದುರಿಸಿ. ಮಾಟುಂಗ ಮಾರ್ಕೆಟ್ಟಿನ ಹಣ್ಣು ಟೊಮೆಟೊ ಒಂದನ್ನು ಒತ್ತದೆ ಸುಮ್ಮನೆ ಎಳೆದು ನೋಡಿ. ಸಿಪ್ಪೆ ತೆರೆದುಕೊಂಡರೆ ಕೆಲಸ ಮುಗಿಯಿತು.

ಅಣ್ಣಾ, ನಮ್ಮ ಯಜಮಾನರು ಆಸೆಪಟ್ಟು ಕಾರ್ಬನ್ ಉಕ್ಕಿನ ಒಪಿನೆಲ್ 8 ತಂದಿದ್ದರು. ಅದರಲ್ಲಿ ನಾನು ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚಿದೆ. ಅಲಗು ಕಪ್ಪು ನೀಲಿಯಾಗಿದೆ. ಈಗ ಮಳೆಗಾಲದಲ್ಲಿ ತೆರೆಯಲಿಕ್ಕೂ ಬರುತ್ತಿಲ್ಲ. ಅವರು ಮುಖ ಊದಿಸಿಕೊಂಡಿದ್ದಾರೆ.
— ಫೋಂಡಾ, ಗೋವಾ

ತಂಗೀ, ಯಜಮಾನರಿಗೆ ಈ ಪುಟ ತೋರಿಸು. ಚಾಕು ಹಾಳಾಗಿಲ್ಲ, ಪಳಗಿದೆ. ಮಾವಿನಕಾಯಿಯ ಹುಳಿ ಉಕ್ಕಿನ ಮೇಲೆ ತೆಳುವಾದ ಕಪ್ಪು ಪೊರೆ ಕಟ್ಟಿದೆ. ಅದು ಕೆಂಪು ತುಕ್ಕನ್ನು ತಡೆಯಲು ಸಹಾಯವೇ ಮಾಡುತ್ತದೆ. ಇದರ ಹುಚ್ಚು ಇರುವವರು ಬೇಕೆಂದೇ ಸಾಸಿವೆ ಸಾಸು ಬಳಿದು ಈ ಬಣ್ಣ ತರಿಸುತ್ತಾರೆ. ಕೆಂಪಗೆ, ಪುಡಿ ಪುಡಿಯಾಗಿ ಬೆರಳಿಗೆ ಅಂಟಿದರೆ ಮಾತ್ರ ತುಕ್ಕು. ಹೊಸದರಲ್ಲಿ ಹೆಚ್ಚಿದ ಹೋಳುಗಳಿಗೆ ಸ್ವಲ್ಪ ಕಬ್ಬಿಣದ ರುಚಿ ಬರುತ್ತದೆ, ಪೊರೆ ಕೂತ ಮೇಲೆ ಹೋಗುತ್ತದೆ. ಮೀನು ಮುಟ್ಟಿಸಿದರೆ ತಕ್ಷಣ ತೊಳೆದು ಒರೆಸಬೇಕು. ಉಪ್ಪು ಯಾವ ಪೊರೆಗೂ ಬಗ್ಗಲ್ಲ.

ತೆರೆಯದಿರುವುದಕ್ಕೆ ಕಾರಣ ಚಾಕುವಿನ ಹಿಡಿ. ಬೀಚ್ ಮರದ್ದು ಅದು. ಗೋವಾದ ಮಳೆಯ ತೇವ ಕುಡಿದು ಉಬ್ಬಿದೆ, ಅಲಗನ್ನು ಕಚ್ಚಿ ಹಿಡಿದಿದೆ. ಇಕ್ಕಳ ಹಾಕಿ ಎಳೆಯಬೇಡ. ಕುತ್ತಿಗೆಯ ಉಂಗುರ ಲಾಕ್ ಆಗಿಲ್ಲ ಅಂತ ಖಾತ್ರಿ ಮಾಡಿಕೊಂಡು ಹಿಡಿಯ ಹಿಂತುದಿಯನ್ನು ಮರದ ಮೇಜಿಗೆ ಟಕ್ ಟಕ್ ಅಂತ ಕುಟ್ಟು. ಅಲಗಿನ ಬೆನ್ನು ತಾನೇ ಮೇಲೆದ್ದು ಬೆರಳಿಗೆ ಸಿಗುತ್ತದೆ. ಆಮೇಲೆ ತೆರೆದಿಟ್ಟು ಎರಡು ದಿನ ಒಣ ಜಾಗದಲ್ಲಿ ಬಿಡು. ಸಂದಿಯ ಒಳಗೋಡೆಯನ್ನು ಮರಳು ಕಾಗದದಿಂದ ತುಸು ಸವರಿ, ಜಾಯಿಂಟಿಗೆ ಮೆಡಿಕಲ್ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಎರಡು ಹನಿ ಬಿಡು. ಹಣ್ಣು ಹೆಚ್ಚುವ ಚಾಕುವಿಗೆ ಹೊಲಿಗೆ ಮಷಿನ್ ಎಣ್ಣೆ ಬೇಡ. ಕೊಬ್ಬರಿ ಎಣ್ಣೆಯೂ ಬೇಡ, 24 ಡಿಗ್ರಿ ಆಸುಪಾಸಿನಲ್ಲೇ ಅದು ಹೆಪ್ಪುಗಟ್ಟುತ್ತದೆ. ಎಳನೀರು ಕೆತ್ತಲು ಮಾತ್ರ ಇದನ್ನು ಮುಟ್ಟಬೇಡ, ಅದಕ್ಕೆ ಕೊಯ್ತಾ ಅನ್ನುವ ಕತ್ತಿ ಇದೆ.

ಅಂದ ಹಾಗೆ ಒಪಿನೆಲ್ ಕಂಪನಿ 1890ರದು, ಕುತ್ತಿಗೆಯ ಆ ಉಂಗುರ ಬಂದದ್ದು 1955ರಲ್ಲಿ. ಅಲ್ಲಿಯ ತನಕ ಫ್ರಾನ್ಸಿನ ಸವೊಯ್ ಸೀಮೆಯ ರೈತರು ಲಾಕ್ ಇಲ್ಲದೇ ದಿನ ದೂಡಿದ್ದಾರೆ.

ನನ್ನ ಬಳಿ ಎಸ್30ವಿ ಉಕ್ಕಿನ, ಟೈಟಾನಿಯಂ ಹಿಡಿಯ ಫ್ರೇಮ್ ಲಾಕ್ ಚಾಕು ಇದೆ. ಹರಿತ ಹಾಳಾದೀತು ಅಂತ ಇನ್ನೂ ಏನೂ ಕತ್ತರಿಸಿಲ್ಲ. ದಿನಾ ಕಿಸೆಯಲ್ಲಿ ಒಯ್ಯಬಹುದಾ?
— ಠಾಣೆ

ಒಯ್ಯಬಹುದು, ಆದರೆ ನೀವು ಒಯ್ಯಲ್ಲ. ಖಂಡೇನವಮಿ ದಿನ ಕುಂಕುಮ ಹಚ್ಚಿ ಮತ್ತೆ ಡಬ್ಬಿಯಲ್ಲೇ ಇಡುತ್ತೀರಿ, ಗೊತ್ತು. ತಪ್ಪೇನಿಲ್ಲ, ಅಂದದ ವಸ್ತು ಇಟ್ಟುಕೊಳ್ಳುವುದೂ ಒಂದು ಸುಖ. ಕುಂಕುಮ ಮಾತ್ರ ಸಂಜೆಗೆ ಒರೆಸಿ. ಕೆಲಸಕ್ಕೆ ಕಡಿಮೆ ಬೆಲೆಯದು ಇನ್ನೊಂದು ಇರಲಿ.

ಮಗನಿಗೆ ಹನ್ನೊಂದು. ಲೋಣಾವಳದ ಕ್ಯಾಂಪಿಗೆ ಹೋಗಿ ಬಂದ ಮೇಲೆ ಚಾಕು ಬೇಕು ಅಂತ ಹಟ. ಅತ್ತೆಯವರು ಬೇಡವೇ ಬೇಡ ಅನ್ನುತ್ತಾರೆ. ಏನು ಮಾಡಲಿ, ಕಾಕಾ?
— ಡೊಂಬಿವಲಿ

ಕೊಡಿಸಮ್ಮಾ. ಆದರೆ ಅವನ ಕಿಸೆಗಲ್ಲ, ಮನೆಯ ಡ್ರಾಯರಿಗೆ. ದೊಡ್ಡವರು ಎದುರಿಗಿದ್ದಾಗ ಮಾತ್ರ ಹೊರಗೆ ಬರಲಿ, ಶಾಲೆಗೆ ಖಂಡಿತ ಬೇಡ. ಒಪಿನೆಲ್‌ನಲ್ಲೇ ಮಕ್ಕಳಿಗಾಗಿ 7ನೇ ನಂಬರಿನದು ಬರುತ್ತದೆ. ಮೊನೆ ದುಂಡಗಿರುತ್ತದೆ, ಉಂಗುರದ ಲಾಕೂ ಇದೆ. ಮೊದಲ ತಿಂಗಳು ಬಾಳೆಹಣ್ಣು, ಸೌತೆಕಾಯಿ. ಆಮೇಲೆ ಪೆನ್ಸಿಲ್ ಕೆತ್ತಲಿ, ಅಲಗು ಮೈಯಿಂದ ಆಚೆಗೆ ಹೋಗುವ ಹಾಗೆ. ಹರಿತ ಇಟ್ಟೇ ಕೊಡು. ಮೊಂಡು ಚಾಕುವಿಗೆ ಜಾಸ್ತಿ ಒತ್ತಬೇಕಾಗುತ್ತದೆ, ಜಾರುವುದೂ ಬೆರಳು ಕುಯ್ಯುವುದೂ ಆಗಲೇ.

ಚಾಕು ಕೈಯಿಂದ ಕೈಗೆ ಕೊಡಬಾರದು ಅಂತ ನಿಮ್ಮ ಅತ್ತೆಯವರು ಹೇಳುತ್ತಿರಬೇಕಲ್ಲ, ಅದನ್ನು ಅವರಿಂದಲೇ ಅವನಿಗೆ ಕಲಿಸು. ಕೆಳಗಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ನಮ್ಮ ಟೂಲ್ ರೂಮಿನಲ್ಲೂ ಹೊಸ ಹುಡುಗರಿಗೆ ಮೊದಲ ದಿನ ಇದನ್ನೇ ಹೇಳುತ್ತಿದ್ದೆವು. ಅತ್ತೆಯವರನ್ನೇ ಮಾಸ್ತರರನ್ನಾಗಿ ಮಾಡಿದರೆ ಅವರ ವಿರೋಧವೂ ಅರ್ಧ ಇಳಿದೀತು.